ಹಾಜರಿ ಪುಸ್ತಕ ಯಾರ ಕೈಯಲ್ಲಿ?

ಡಿಸೆಂಬರ್ 12 ಬಂತು ಅಂದ್ರೆ ನಮ್ಮ ಕೋಲಾರದ ಬಗ್ಗೆ ಒಂದು ಮಾತು ಮತ್ತೆ ಓಡಾಡೋಕೆ ಶುರುವಾಗುತ್ತೆ: "ಅನ್ನ ಕೊಟ್ಟ ಕಂಪನಿಗೇ ಕಲ್ಲು ಹೊಡೆದ ಜನ." 2020ರ ಆ ದಿನ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಅಂದರೆ ಐಫೋನ್ ಜೋಡಿಸುವ ಜಾಗದಲ್ಲಿ, ರಾತ್ರಿ ಪಾಳಿ ಮುಗಿಸಿದ ಹುಡುಗರು ಗಾಜು ಒಡೆದರು. ಈ ಮಾತು ಆಡೋರಲ್ಲಿ ನಮ್ಮ ಕೇರಿಯವರೂ ಇದ್ದಾರೆ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಸಮಯ ಮಾಡಿಕೊಂಡು ಓದಿ.

ಗಾಜು ಒಡೆದಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಆದರೆ ಅದರ ಇತಿಹಾಸ ಆ ಬೆಳಗಿನ ಜಾವಕ್ಕೆ ಶುರುವಾಗಿದ್ದಲ್ಲ.

ನಮ್ಮ ಯಲ್ದೂರು ಹೋಬಳಿಯಲ್ಲಿ ಎಪ್ಪತ್ತು ದಾಟಿದ ಯಾರನ್ನಾದರೂ ಕೂರಿಸಿ ಜೀತದ ಲೆಕ್ಕ ಕೇಳಿ. ಮದುವೆಗೋ ಮಣ್ಣಿಗೋ ಒಂದಷ್ಟು ಸಾಲ. ಅದಕ್ಕೆ ವರ್ಷಗಟ್ಟಲೆ ದನ ಕಾಯೋದು, ಸಗಣಿ ಬಾಚೋದು, ಮಾವಿನ ತೋಪು ಕಾಯೋದು. ಎಷ್ಟು ದಿನ ದುಡಿದ, ಎಷ್ಟು ತೀರಿತು, ಎಷ್ಟು ಉಳೀತು ಅನ್ನೋದೆಲ್ಲ ಯಜಮಾನನ ಪುಸ್ತಕದಲ್ಲಿ. ಅಕ್ಷರ ಅವನದು, ಹೆಬ್ಬೆಟ್ಟು ನಮ್ಮದು. ಒಂದು ದಿನ ಜ್ವರ ಬಂದು ಮಲಗಿದರೆ ಅಲ್ಲಿ ಎರಡು ದಿನ ಕಳೀತಿತ್ತು ಅಂತಾರೆ. ಇಲ್ಲ ಸ್ವಾಮಿ, ಒಂದೇ ದಿನ ಅನ್ನೋಕೆ ನಮ್ಮ ಹತ್ತಿರ ಬೇರೆ ಪುಸ್ತಕ ಇರಲಿಲ್ಲ. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಕಾಯ್ದೆ ಊರೊಳಕ್ಕೆ ಬರೋಕೆ ಇನ್ನೂ ಬಹಳ ವರ್ಷ ಹಿಡೀತು.

ಅದಕ್ಕೂ ಮೊದಲೇ ಈ ಸೀಮೆಯಲ್ಲಿ ಸಂಬಳದ ಕೆಲಸ ಅಂತ ಒಂದು ಇತ್ತು: ಕೆಜಿಎಫ್. 1880ರಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಚಿನ್ನ ತೆಗೆಯಿತು. ಭೂಮಿ ಒಳಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ಆದಿದ್ರಾವಿಡರು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂತು, ಬೆಂಗಳೂರಿಗೆ ಬರೋಕೆ ಮೂರು ವರ್ಷ ಮುಂಚೆ. ಆ ಕರೆಂಟು ಬಂದದ್ದು ಯಂತ್ರಕ್ಕೆ. ಕೂಲಿಯವರ ಲೈನಿನ ತಟ್ಟಿ ಮನೆಗಲ್ಲ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. 'ಕೋಲಾರಕ್ಕೆ ಟೆಕ್ನಾಲಜಿ ಬಂತು' ಅಂದಾಗಲೆಲ್ಲ ನನಗೆ ಅದೇ ನೆನಪಾಗೋದು.

ಆದರೂ ಆ ಕೂಲಿ ನಮ್ಮ ಜನಕ್ಕೆ ಊರಗೌಡನ ಕಣ್ಣಿಗೆ ಕಾಣದ ಒಂದು ಜಾಗ ಕೊಟ್ಟಿತು. ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ಮಾರಿಕುಪ್ಪದಲ್ಲಿ ಬೆಳೀತು. ಅವರು ಶುರು ಮಾಡಿದ್ದ 'ತಮಿಳನ್' ಪತ್ರಿಕೆ 1926ರಲ್ಲಿ ಮತ್ತೆ ಹುಟ್ಟಿದ್ದು ಕೆಜಿಎಫ್‌ನಲ್ಲಿ. ಗಣಿ ಕೂಲಿಯವರು ಪತ್ರಿಕೆ ಸಾಕಿದರು! ಇವತ್ತು ನಾವು ಫೇಸ್‌ಬುಕ್ಕಲ್ಲಿ ಬರೆಯೋರು ಅವರ ಮುಂದೆ ತಲೆ ತಗ್ಗಿಸಬೇಕು.

1930ರಲ್ಲಿ ಅದೇ ಜನ ಮುಷ್ಕರ ಹೂಡಿದರು. ಕಾರಣ ಕೂಲಿ ಹೆಚ್ಚಿಸಿ ಅಂತಲ್ಲ. ಕೆಲಸಗಾರರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅನ್ನೋ ನಿಯಮ. ಕಂಪನಿ ದೃಷ್ಟೀಲಿ ಅದು ಆಧುನಿಕ ದಾಖಲೆ. ಕೆಲಸಗಾರನಿಗೆ ಅದು ಬೇರೆ. ಬೆರಳಚ್ಚು ತಗೊಳ್ಳೋದು ಕಳ್ಳರದ್ದು. ಜೊತೆಗೆ, ಒಂದು ಗಣಿಯಿಂದ ಆಚೆ ಹಾಕಿಸಿಕೊಂಡವನು ಇನ್ನೊಂದು ಹೆಸರಲ್ಲಿ ಪಕ್ಕದ ಗಣಿಗೆ ಸೇರಿಕೊಳ್ಳೋ ಸಣ್ಣ ಕಿಂಡಿಯೂ ಮುಚ್ಚಿಹೋಗುತ್ತೆ. ಓದು ಬರಹ ಇಲ್ಲದ ಜನ ಅಂತ ಬರೀತಾರಲ್ಲ, ದಾಖಲೆ ಯಾರ ಕೈಯಲ್ಲಿದ್ದರೆ ಏನಾಗುತ್ತೆ ಅನ್ನೋದು ಅವರಿಗೆ ಗೊತ್ತಿತ್ತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸುಮಾರು 800 ಟನ್ ಚಿನ್ನ ಹೋಗಿತ್ತು, ಸಯನೈಡ್ ಗುಡ್ಡ ಉಳೀತು. ಮಕ್ಕಳು ಮಾರಿಕುಪ್ಪದಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋದರು, ಇವತ್ತಿಗೂ ಹೋಗ್ತಾವ್ರೆ. 2018ರಿಂದ ಬೆಂಗಳೂರು ನಮಗೆ ಕೆ.ಸಿ. ವ್ಯಾಲಿ ಪೈಪಿನಲ್ಲಿ ತನ್ನ ಕೊಳಚೆಯನ್ನ ಶುದ್ಧ ಮಾಡಿ ಕಳಿಸ್ತಿದೆ. ನಮ್ಮ ಹಾಲು, ಟೊಮ್ಯಾಟೊ, ಹುಡುಗರು ಆ ಕಡೆಗೆ. ಅದರ ಜಗಳ ಇನ್ನೊಂದು ದಿನಕ್ಕಿರಲಿ.

ನರಸಾಪುರ ಬಂದದ್ದು ಈ ಖಾಲಿ ಜಾಗಕ್ಕೆ. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ, ಆಮೇಲೆ ಸಾಲಾಗಿ ಇತರೆ ಕಂಪನಿಗಳು, ಕೊನೆಗೆ ವಿಸ್ಟ್ರಾನ್. ಐಟಿಐ, ಡಿಪ್ಲೊಮಾ, ಬಿಇ ಮುಗಿಸಿದ ಮಕ್ಕಳು ಯಲ್ದೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ಹೆದ್ದಾರಿ ಹಿಡಿದು ಹೊರಟರು. ಕೊರಳಿಗೆ ಟ್ಯಾಗು. ಮನೇಲಿ ಅಮ್ಮಂದಿರಿಗೆ 'ನನ್ನ ಮಗ ಕಂಪನೀಲಿ ಅವ್ನೆ' ಅನ್ನೋ ಖುಷಿ.

ಗಲಾಟೆ ನಂತರ ರಾಜ್ಯದ ಕಾರ್ಖಾನೆಗಳ ಇಲಾಖೆ ತಪಾಸಣೆ ಮಾಡಿ ವರದಿ ಕೊಟ್ಟಿತು. ಇದು ಸಂಘಟನೆಯವರ ಕರಪತ್ರ ಅಲ್ಲ, ಸರ್ಕಾರದ್ದೇ ವರದಿ. ಕೆಲವೇ ತಿಂಗಳಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಕಾಯಂ ಆದವರು 1,343 ಜನ, ಗುತ್ತಿಗೆಯವರು 8,490. ಅಕ್ಟೋಬರಿನಿಂದ 8 ಗಂಟೆ ಪಾಳಿ 12 ಗಂಟೆ ಆಯಿತು. ಎಂಜಿನಿಯರಿಂಗ್ ಓದಿದವರಿಗೆ 21,000 ಅಂತ ಹೇಳಿ, 16,000ಕ್ಕೆ ಇಳಿಸಿ, ಕೊನೆಗೆ 12,000 ಕೊಟ್ಟರು. ಉಳಿದವರದು 8,000ಕ್ಕೆ ಬಂದಿತ್ತು. ಹಾಜರಿ ಹಿಡಿಯೋ ಯಂತ್ರದ ವ್ಯವಸ್ಥೆ ಕೆಟ್ಟು, ಸುಮಾರು ಎರಡು ತಿಂಗಳು ಸರಿ ಮಾಡಿರಲಿಲ್ಲ.

ಕೊನೇ ಸಾಲು ಇನ್ನೊಂದ್ಸಲ ಓದಿ. ಹುಡುಗ ಬಂದಿದ್ದಾನೆ, ನಿಂತು ದುಡಿದಿದ್ದಾನೆ, ಯಂತ್ರದ ಪ್ರಕಾರ ಅವನು ಬಂದೇ ಇಲ್ಲ. ಕೇಳಿದರೆ ಕಂಪನಿ ಗುತ್ತಿಗೆದಾರನ ಕಡೆ ತೋರಿಸುತ್ತೆ, ಗುತ್ತಿಗೆದಾರ ಯಂತ್ರದ ಕಡೆ ತೋರಿಸ್ತಾನೆ. "ಪಂಚ್ ಬಿದ್ದಿಲ್ಲ ಕಣಪ್ಪಾ, ನಾನೇನ್ ಮಾಡ್ಲಿ." ಯಜಮಾನನ ಪುಸ್ತಕಕ್ಕಾದರೂ ಒಂದು ಮುಖ ಇತ್ತು.

ಲೆಕ್ಕ ಹಾಕೋಣ. ತಿಂಗಳಿಗೆ 26 ದಿನ ಅಂತ ಇಟ್ಕೊಳ್ಳಿ. 21,000 ರೂಪಾಯಿ, 8 ಗಂಟೆ ಅಂದ್ರೆ ಗಂಟೆಗೆ ಸುಮಾರು 101 ರೂಪಾಯಿ. ಅವನನ್ನು ಕರೆದದ್ದು ಆ ದರಕ್ಕೆ. 12,000, 12 ಗಂಟೆ ಅಂದ್ರೆ 38 ರೂಪಾಯಿ. 8,000 ಅಂದ್ರೆ 26 ಕೂಡ ತುಂಬಲ್ಲ. ಆ ವರ್ಷ ಬಿಡುಗಡೆಯಾದ ಐಫೋನ್ ಎಸ್‌ಇ ಬೆಲೆ 42,500. ಅದನ್ನು ಕೊಳ್ಳೋಕೆ ಎಂಜಿನಿಯರ್ ಹುಡುಗ ಊಟ ಬಿಟ್ಟು ಮೂರೂವರೆ ತಿಂಗಳು ದುಡಿಯಬೇಕಿತ್ತು.

ಊಟ ಬಿಡೋಕಾಗಲ್ಲವಲ್ಲ. ಕಾರ್ಖಾನೆ ಬಂದ ಮೇಲೆ ನರಸಾಪುರ, ವೇಮಗಲ್, ಕೋಲಾರದಲ್ಲಿ ಬಾಡಿಗೆ ಏರಿತು. ಒಂದು ಕೋಣೆಗೆ ಐದಾರು ಜನ, ಹಗಲು ಪಾಳಿಯವನು ಎದ್ದ ಚಾಪೆ ಮೇಲೆ ರಾತ್ರಿ ಪಾಳಿಯವನು ಮಲಗೋದು. ನಮ್ಮ ಮಕ್ಕಳಿಗೆ ಇನ್ನೂ ಒಂದು ಖರ್ಚು ಜಾಸ್ತಿ. ಅದು ಯಾವ ಬೆಲೆ ಸೂಚ್ಯಂಕದಲ್ಲೂ ಬರಲ್ಲ. "ಮನೆ ಖಾಲಿ ಐತೆ, ನೀವು ಯಾವ ಜನ?" ಈ ಪ್ರಶ್ನೆ ಆದ ಮೇಲೆ ಹತ್ತು ಮನೆಯಲ್ಲಿ ಎರಡು ಉಳೀತವೆ, ಆ ಎರಡರ ಬಾಡಿಗೆ ಮಾಲೀಕ ಹೇಳಿದ್ದೇ ರೇಟು. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಅಂತ ನಮ್ಮ ಹುಡುಗನ ಮನೆಗೆ ಹಾಕಿದ ದಂಡ 60,000 ರೂಪಾಯಿ. ಐಫೋನ್ ಜೋಡಿಸೋನ ಐದು ತಿಂಗಳ ಸಂಬಳ. ರಾಜ್ಯದಲ್ಲಿ ಪರಿಶಿಷ್ಟ ಜಾತಿಯ ಪ್ರಮಾಣ ಅತಿ ಹೆಚ್ಚಿರೋ ಜಿಲ್ಲೆ ನಮ್ಮದು, 2011ರ ಜನಗಣತಿಯಲ್ಲಿ ನೂರಕ್ಕೆ 30. ಜೀವನ ವೆಚ್ಚದ ಮಾತು ಬಂದಾಗ ಇದನ್ನ ಬಿಟ್ಟು ಮಾತಾಡೋದು ಹೇಗೆ?

ಆಮೇಲೆ ಏನಾಯ್ತು? ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ. ಅದೇ ಕಂಪನಿ ತೈವಾನಿನ ಷೇರುಪೇಟೆಗೆ ಹೇಳಿದ್ದು ನಮ್ಮ ಲೆಕ್ಕದಲ್ಲಿ ಸುಮಾರು 26ರಿಂದ 52 ಕೋಟಿ. ನೂರಕ್ಕೂ ಹೆಚ್ಚು ಹುಡುಗರು ಜೈಲಿಗೆ ಹೋದರು. ಡಿಸೆಂಬರ್ 19ಕ್ಕೆ ಆಪಲ್ ಕಂಪನಿಯೇ, ಕೆಲಸದ ಅವಧಿಯ ಲೆಕ್ಕ ಸರಿಯಾಗಿ ಇಟ್ಟಿರಲಿಲ್ಲ, ಅಕ್ಟೋಬರ್ ನವೆಂಬರಿನ ಸಂಬಳ ಕೆಲವರಿಗೆ ತಡವಾಗಿದೆ ಅಂತ ಒಪ್ಪಿಕೊಂಡು ವಿಸ್ಟ್ರಾನನ್ನು ಪ್ರೊಬೇಷನ್‌ಗೆ ಹಾಕಿತು. ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡ್ತಿದ್ದ ಉಪಾಧ್ಯಕ್ಷನನ್ನ ತೆಗೆಯಿತು. 2023ರ ಅಕ್ಟೋಬರಿನಲ್ಲಿ ಕಾರ್ಖಾನೆ 12.5 ಕೋಟಿ ಡಾಲರಿಗೆ ಟಾಟಾಗೆ ಹೋಯಿತು. ಕಂಪನಿಯ ಬೋರ್ಡು ಬದಲಾಯಿತು, ಎಫ್ಐಆರ್‌ನಲ್ಲಿ ಹೆಸರಿದ್ದವರ ಹೆಸರು ಬದಲಾಗಲಿಲ್ಲ.

ಇನ್ನೊಂದು. ಬಾಬಾಸಾಹೇಬರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ತಿದ್ದಾಗ ತಂದ 1946ರ ತಿದ್ದುಪಡಿ ವಾರದ ದುಡಿಮೆಯನ್ನ 54 ಗಂಟೆಯಿಂದ 48ಕ್ಕೆ ಇಳಿಸಿತ್ತು. ನರಸಾಪುರ ನಡೆದು ಎರಡೇ ವರ್ಷಕ್ಕೆ, 2023ರ ಫೆಬ್ರವರಿಯಲ್ಲಿ, ನಮ್ಮ ವಿಧಾನಸಭೆ ವಾರದ 48 ಹಾಗೇ ಇಟ್ಟು ದಿನಕ್ಕೆ 12 ಗಂಟೆ ದುಡಿಸೋಕೆ ದಾರಿ ಮಾಡಿತು. ಯಾವುದನ್ನು ತಪ್ಪು ಅಂತ ಇಲಾಖೆ ಪಟ್ಟಿ ಮಾಡಿತ್ತೋ, ಅದಕ್ಕೇ ಕಾನೂನಿನ ಅಂಗಿ ಹೊಲಿಸಿದರು. ಎಷ್ಟು ಜನ ನಮ್ಮ ಮೀಸಲು ಕ್ಷೇತ್ರದ ಶಾಸಕರು ಎದ್ದು ಮಾತಾಡಿದರು ಅಂತ ನೀವೇ ಹುಡುಕಿ ನೋಡಿ.

ಈಗ ಕಾರ್ಖಾನೆಗೆ ಹೋಗ್ತಿರೋ ತಮ್ಮಂದಿರು, ತಂಗಿಯರು ಕೇಳಿಸ್ಕೊಳ್ಳಿ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೊಡಬೇಕಾದ ಹೊಣೆ ಮೂಲ ಕಂಪನಿಯದು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಂ ಇದನ್ನೇ ಹೇಳಿತ್ತು, ವಿಸ್ಟ್ರಾನ್ ಹೊತ್ತಿಗೆ ಅದು ಜಾರಿಯಲ್ಲೂ ಇತ್ತು. ಓಟಿಗೆ ದುಪ್ಪಟ್ಟು ದರ ಅನ್ನೋದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದ್ದ ಹಕ್ಕು. ಆದರೆ ಕೇಳೋಕೆ ಕೈಯಲ್ಲಿ ಲೆಕ್ಕ ಬೇಕು. ಒಂದು ನೋಟ್‌ಬುಕ್ ತಗೊಳ್ಳಿ. ದಿನಾಂಕ, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಯಾವ ಲೈನು, ಸೂಪರ್‌ವೈಸರ್ ಯಾರು, ದಿನಾ ಬರೀರಿ. ಆಫರ್ ಲೆಟರ್, ಸಂಬಳದ ಮೆಸೇಜು, ಬಸ್ಸು ಹತ್ತಿದ ಫೋಟೊ ಜೋಪಾನ ಮಾಡಿ. ಯಂತ್ರ ಪಂಚ್ ಬಿದ್ದಿಲ್ಲ ಅಂದ ದಿನ ಅದನ್ನ ತಗೊಂಡು ಬನ್ನಿ, ಕಾರ್ಮಿಕ ಅಧಿಕಾರಿ ಹತ್ತಿರ ಜೊತೇಲೇ ಹೋಗೋಣ.

ಜೈ ಭೀಮ್.