ಕಿರಕೋಳ, ಕಿರುಕುಳ: ಲೆಕ್ಕದ ಮಾತು ನೋವಿನ ಮಾತಾದ ಬಗೆ

ಶಿರಸಿ ಸೀಮೆಯ ವಾನಳ್ಳಿಯಂಥ ಊರಿನ ಅಡಿಕೆ ತೋಟದ ವರ್ಷದ ಖರ್ಚು ಬರೆಯಲು ಕುಳಿತರೆ ಕೊನೆ ಕೊಯ್ಲು, ಸುಲಿತ, ಗೊಬ್ಬರ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಇವಕ್ಕೆಲ್ಲ ಒಂದೊಂದು ಸಾಲು ಬೇಕು. ಹಗ್ಗ, ಮೊಳೆ, ಕತ್ತಿ ಹರಿತ ಮಾಡಿಸಿದ ಕೂಲಿ, ಶಿರಸಿಗೆ ಹೋಗಿಬಂದ ಬಸ್ಸಿನ ದುಡ್ಡು ಇಂಥವನ್ನು ಒಟ್ಟುಗೂಡಿಸಿ ಹಿಂದೆ ಮುಂಬೈ ಕರ್ನಾಟಕ ಎನ್ನುತ್ತಿದ್ದ ಸೀಮೆಯ ಲೆಕ್ಕದ ಭಾಷೆ 'ಕಿರಕೋಳ' ಎನ್ನುತ್ತದೆ. ಅದೇ ಮನೆಗೆ ಬರುವ ದಿನಪತ್ರಿಕೆಯಲ್ಲಿ ವರದಕ್ಷಿಣೆಗಾಗಿ ಸೊಸೆಗೆ ಕೊಟ್ಟ ಹಿಂಸೆ 'ಕಿರುಕುಳ'. ಇವು ಎರಡಲ್ಲ, ಒಂದೇ ಶಬ್ದ. ಸಣ್ಣ ಬಾಬತ್ತು ಎಂಬುದೇ ಅದರ ಮೂಲಾರ್ಥ.

ಮೊದಲ ಭಾಗದಲ್ಲಿ ತೊಡಕಿಲ್ಲ. ಹಳಗನ್ನಡದ 'ಕಿಱು' ಶಕಟರೇಫ ಕಳೆದುಕೊಂಡು 'ಕಿರು' ಆಯಿತು. ಕಿರುಬೆರಳು, ಕಿರುನಗೆಗಳಲ್ಲಿ, ಇತ್ತೀಚಿನ ಕಿರುತೆರೆಯಲ್ಲಿ ಅದು ಇನ್ನೂ ಜೀವಂತ. ಎರಡನೆಯ ಭಾಗ ಹೆಚ್ಚು ಕುತೂಹಲದ್ದು. ಕಂದಾಯದ ಪರಿಭಾಷೆಯಲ್ಲಿ 'ಕುಳ' ಎಂದರೆ ತೆರಿಗೆ ಕೊಡುವವನು, ಅವನ ಹೆಸರಿನ ಬಾಬತ್ತು. 'ಗಟ್ಟಿ ಕುಳ' ಎಂಬ ಮಾತು ಅಲ್ಲಿಂದಲೇ ಬಂದದ್ದು. 1799ರಲ್ಲಿ ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋನ ಕಾಲದ ಕಂದಾಯ ಕಾಗದಪತ್ರಗಳಲ್ಲಿ ರೈತವಾರಿಗೆ 'ಕುಳವಾರು' ಎಂಬ ಹೆಸರೂ ಉಂಟು. ಶಾಸನಗಳ ತೆರಿಗೆ ಪಟ್ಟಿಗಳಲ್ಲಿ ಪೆರ್ಜುಂಕ ಅಥವಾ ಹೆಜ್ಜುಂಕ ದೊಡ್ಡ ಸುಂಕವಾದರೆ, ಕಿಱುಕುಳ ಬಿಡಿ ತೆರಿಗೆಗಳ ಗುಂಪು. ಈ ಜೋಡಿಯನ್ನು ನೋಡಿದರೆ 'ಕಿಱುಕುಳ'ದ ಕುಳವೂ ಕಂದಾಯದ ಕುಳವೇ ಎಂದು ನನಗೆ ತೋರುತ್ತದೆ.

ಲೆಕ್ಕದ 'ಕಿರಕೋಳ' ಮರಾಠಿಯಲ್ಲೂ ಇದೆ. ಅದು ಮೂಲದಲ್ಲಿ ಕನ್ನಡದಿಂದ ಅಲ್ಲಿಗೆ ಹೋದದ್ದೇ ಹೊರತು ಅಲ್ಲಿ ಹುಟ್ಟಿದ್ದಲ್ಲ. ಮರಾಠಿಯಲ್ಲಿ 'ಕಿರ'ಕ್ಕೆ ಸಣ್ಣದು ಎಂಬ ಅರ್ಥ ಕೊಡುವ ಬೇರಿಲ್ಲ. ಇನ್ನೊಂದು ಸಾಕ್ಷಿ ಇದಕ್ಕಿಂತ ಬಲವಾದದ್ದು. ಈ ಧಾತುವಿನ ಆದಿಯ ಕಕಾರ ತಮಿಳು, ಮಲಯಾಳಂ, ತೆಲುಗುಗಳಲ್ಲಿ ಚಕಾರವಾಗಿದೆ: ಚಿಱು, ಚೆಱು, ಚಿರು. ನಮ್ಮ ಕಿವಿಗೆ ತಮಿಳರು ಚೆವಿ ಎನ್ನುವುದೂ ಇದೇ ನಿಯಮದಿಂದ. ಮರಾಠಿ ರೂಪದಲ್ಲಿ ಕಕಾರ ಉಳಿದಿರುವುದರಿಂದ ಅದು ನೆರೆಯ ತೆಲುಗಿನಿಂದ ಹೋದದ್ದಾಗಿರಲಾರದು. 1831ರಲ್ಲಿ ಮೊದಲು ಅಚ್ಚಾದ ಮೋಲ್ಸ್‌ವರ್ತ್‌ನ ಮರಾಠಿ ಕೋಶದ ಹೊತ್ತಿಗೆ ಅದು ಅಲ್ಲಿ ಚಿಲ್ಲರೆ, ಬಿಡಿ ಎಂಬ ಅರ್ಥದಲ್ಲಿ ನೆಲೆನಿಂತಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ 1956ರವರೆಗೂ ಅಲ್ಲೇ ಉಳಿಯಿತು. ಕಚೇರಿ, ಪೇಟೆಗಳ ಮರಾಠಿಯ ಜೊತೆಗೆ ತವರಿನ ಮಾತು ವೇಷ ಬದಲಿಸಿಕೊಂಡು ಹಿಂದಿರುಗಲು ದಾರಿ ತೆರೆದಿತ್ತು.

ಅದೇ ದಾರಿಯಲ್ಲಿ ಬಂದ 'ತಪಶೀಲು' ಮಾತ್ರ ಬೇರೆ ಕುಲದ್ದು. ಬೇರ್ಪಡಿಸು ಎಂಬರ್ಥದ ಅರಬ್ಬಿ ಧಾತು ಫ-ಸ-ಲದಿಂದ ಹುಟ್ಟಿದ ಅದು ಫಸಲು, ಫೈಸಲುಗಳ ಸೋದರ. ಕ್ರಯಪತ್ರದ ಕೊನೆಗೆ ಚಕ್ಕುಬಂದಿಯ ಜೊತೆ ಕೂರುತ್ತದೆ. ಅದೇ ಅರ್ಥಕ್ಕೆ ನಾವು ಬಳಸುವ ಸಂಸ್ಕೃತದ 'ವಿವರ'ದ ಮೂಲಾರ್ಥ ತೆರೆಯುವಿಕೆ. ಬಿರುಕಿಗೂ ಬಿಲಕ್ಕೂ ಅದೇ ಹೆಸರು. ಒಂದರಲ್ಲಿ ಬೇರ್ಪಡಿಸಿದ್ದು, ಇನ್ನೊಂದರಲ್ಲಿ ತೆರೆದು ತೋರಿಸಿದ್ದು. ಎರಡರಲ್ಲೂ ಪ್ರಮಾಣದ ಮಾತಿಲ್ಲ. ಸಣ್ಣದು ಎಂಬುದನ್ನು ಹೆಸರಿನಲ್ಲೇ ಹೊತ್ತದ್ದು ಕಿರುಕುಳ ಮಾತ್ರ.

ಸಣ್ಣದು ಹೀನಾರ್ಥಕ್ಕೆ ಇಳಿಯುವುದು ಹೊಸತಲ್ಲ. ಕ್ಷುದ್ರ ಎಂದರೆ ಮೊದಲು ಬರೀ ಸಣ್ಣದು. ಸಣ್ಣತನ, ಚಿಲ್ಲರೆ ಬುದ್ಧಿ ಎಂಬ ಮಾತುಗಳೂ ಹಾಗೆಯೇ ಬೆಳೆದವು. ಆದರೆ ಇವೆಲ್ಲ ಸಣ್ಣದನ್ನು ಮೇಲಿನಿಂದ ನೋಡಿ ತಾತ್ಸಾರ ಮಾಡುವ ಮಾತುಗಳು. ಕಿರುಕುಳ ಕೆಳಗಿನಿಂದ, ತೆರುವವನ ಕಡೆಯಿಂದ ಬೆಳೆದಿದೆ. ದೊಡ್ಡ ಸುಂಕ ಒಮ್ಮೆ ಕೊಟ್ಟರೆ ಮುಗಿಯಿತು. ಬಿಡಿ ತೆರಿಗೆ ಮತ್ತೆ ಮತ್ತೆ ಬರುತ್ತದೆ. ದೂರು ಹೇಳಹೋದರೆ ಇಷ್ಟಕ್ಕೆಲ್ಲ ದೂರೇ ಎನ್ನಿಸಿಕೊಳ್ಳಬೇಕು. 'ಕಿರಿಕಿರಿ'ಯ ದನಿ ಈ ಹೊರಳಿಗೆ ನೆರವಾಗಿರಬಹುದಾದರೂ ಕಾರಣ ಅದಲ್ಲ. ಕೆಲಸದ ಜಾಗದಲ್ಲಿ ಹೆಂಗಸರ ರಕ್ಷಣೆಗಾಗಿ ಬಂದ 2013ರ ಕಾಯ್ದೆಯನ್ನು ಕನ್ನಡದಲ್ಲಿ ಹೇಳುವಾಗಲೂ 'ಲೈಂಗಿಕ ಕಿರುಕುಳ' ಎಂದೇ ಬಳಸುತ್ತೇವೆ. ಇಷ್ಟೇ ತಾನೇ ಎಂದು ತಳ್ಳಿಹಾಕುತ್ತ ಬಂದ ನಡತೆಗೆ ಈ ಹೆಸರು ಒದಗಿದ್ದು ಅದರ ಹಳೆಯ ಅರ್ಥಕ್ಕೆ ದೂರವಾದುದಲ್ಲ.

ಎರಡು ರೂಪಗಳನ್ನೂ ಒಂದೇ ಬಾಯಲ್ಲಿ ಆಡುವವರಿಗೆ ಇವು ಒಡಹುಟ್ಟು ಎಂದು ಹೊಳೆಯುವುದಿಲ್ಲ. 'ಕಿರಕೋಳ' ಎಂದರೆ ಲೆಕ್ಕ, 'ಕಿರುಕುಳ' ಎಂದರೆ ನೋವು. ನಡುವಿನ ಎರಡು ಸ್ವರಗಳೇ ಬೇಲಿಯಾಗಿ ನಿಂತಿವೆ.