ಮಧ್ಯಮ ಮತದಾರ ಮತ್ತು ಮಂಡ್ಯದ ಅಭ್ಯರ್ಥಿಗಳು

ಇಬ್ಬರ ಪೈಪೋಟಿಯಲ್ಲಿ ಅಭ್ಯರ್ಥಿಗಳ ನಿಲುವು ಮಧ್ಯಮ ಮತದಾರನತ್ತ ಸರಿಯುತ್ತದೆ ಎಂದು ಅಮೆರಿಕದ ಆಂಟನಿ ಡೌನ್ಸ್ 1957ರಲ್ಲಿ ಪ್ರತಿಪಾದಿಸಿದರು. ಅಲ್ಲಿನ ಅಧ್ಯಕ್ಷೀಯ ಚುನಾವಣೆಗಳಲ್ಲಿ ಇದು ಸದಾ ನಿಜವಾಗಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಬಹುತೇಕ ನಿಜ. ಕಾವೇರಿ ನೀರು, ಕಬ್ಬಿನ ದರದ ವಿಷಯದಲ್ಲಿ ಇಲ್ಲಿನ ಅಭ್ಯರ್ಥಿಗಳ ನಡುವೆ ಭೇದ ಹುಡುಕುವುದು ವ್ಯರ್ಥ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠಕ್ಕೂ ಎಲ್ಲ ಪಕ್ಷಗಳವರು ಬರುತ್ತಾರೆ. ಹೀಗಾಗಿ ರೈತನ ಬೇಡಿಕೆಯನ್ನು ಎಲ್ಲರೂ ಒಪ್ಪುತ್ತಾರೆ, ಆಯ್ಕೆ ಮಾತ್ರ ವ್ಯಕ್ತಿಯನ್ನು ನೋಡಿ ನಡೆಯುತ್ತದೆ.

2018ರಲ್ಲಿ ಜಿಲ್ಲೆಯ ಏಳೂ ವಿಧಾನಸಭಾ ಸ್ಥಾನಗಳು ಜೆಡಿಎಸ್ ಪಾಲಾದವು. ಮರುವರ್ಷವೇ ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಶ್ ಲೋಕಸಭೆಗೆ 1,25,876 ಮತಗಳ ಅಂತರದಿಂದ ಗೆದ್ದರು. 2023ರಲ್ಲಿ ಜೆಡಿಎಸ್‌ಗೆ ದಕ್ಕಿದ್ದು ಕೆ.ಆರ್.ಪೇಟೆ ಒಂದೇ, 2024ರಲ್ಲಿ ಬಿಜೆಪಿ ಮೈತ್ರಿಯೊಂದಿಗೆ ಎಚ್.ಡಿ. ಕುಮಾರಸ್ವಾಮಿ ಲೋಕಸಭೆಗೆ ಆರಿಸಿಬಂದರು. ಪಾಂಡವಪುರವನ್ನೊಳಗೊಂಡ ಮೇಲುಕೋಟೆಯಲ್ಲಿ 2023ರಲ್ಲಿ ಗೆದ್ದ ದರ್ಶನ್ ಪುಟ್ಟಣ್ಣಯ್ಯ ರೈತಸಂಘದವರು. ಅವರೂ ಹೆಸರಾಂತ ನಾಯಕನ ಮಗನೇ.