ಸಾವಿನ ದಾಖಲೆಯಲ್ಲಿ ಸಿಕ್ಕ ಸುಳಿವು

ಇಟಲಿಯ ವೆರೋನಾ ನಗರದ ವೈದ್ಯ ಡೊಮೆನಿಕೊ ರಿಗೋನಿ ಸ್ಟೆರ್ನ್ 1842ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದ. 1760ರಿಂದ 1839ರವರೆಗೆ ಆ ಊರಿನಲ್ಲಿ ಸತ್ತವರ ದಾಖಲೆಗಳನ್ನು ತಿರುವಿಹಾಕಿ, ಕ್ಯಾನ್ಸರಿನಿಂದ ಸತ್ತ ಹೆಂಗಸರನ್ನು ಆತ ಬೇರೆ ಬೇರೆ ಗುಂಪು ಮಾಡಿದ್ದ. ಗರ್ಭಕೋಶದ ಕ್ಯಾನ್ಸರ್ ಮದುವೆಯಾದವರಲ್ಲಿ, ವಿಧವೆಯರಲ್ಲಿ ಹೆಚ್ಚು. ಮದುವೆಯಾಗದವರಲ್ಲಿ, ಕ್ರೈಸ್ತ ಸನ್ಯಾಸಿನಿಯರಲ್ಲಿ ಕಡಿಮೆ. ಸ್ತನ ಕ್ಯಾನ್ಸರಿನ ಲೆಕ್ಕ ಇದಕ್ಕೆ ತಿರುವುಮುರುವು. ಅದು ಸನ್ಯಾಸಿನಿಯರಲ್ಲೇ ಹೆಚ್ಚು. ಗರ್ಭಕೋಶದ ಒಡಲಿನ ಕ್ಯಾನ್ಸರ್ ಬೇರೆ, ಅದರ ಕೊರಳಿನ ಕ್ಯಾನ್ಸರ್ ಬೇರೆ ಎಂಬ ವಿಂಗಡಣೆ ಆತನ ಲೆಕ್ಕದಲ್ಲಿ ಇರಲಿಲ್ಲ. ಆದರೂ ಸುಳಿವು ಸರಿಯಾಗಿತ್ತು.

ಅದರ ಅರ್ಥ ಬಿಡಿಸಲು ಸುಮಾರು ನೂರ ನಲವತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ಎಳೆಯ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ, ಶುಚಿಯಿಲ್ಲದ ಬದುಕು ಎಂದು ನಾನಾ ಕಾರಣಗಳನ್ನು ಹೇಳಲಾಯಿತು. ಗಂಡುಹೆಣ್ಣಿನ ಕೂಟಕ್ಕೂ ಈ ರೋಗಕ್ಕೂ ನಂಟಿದೆ ಎಂದಾಗ ಹೆಣ್ಣಿನ ನಡತೆಯ ಮೇಲೂ ಅನುಮಾನ ಬಿತ್ತು. ರೋಗದ ನೋವಿನ ಜೊತೆಗೆ ನಾಚಿಕೆಯೂ ಅಂಟಿಕೊಂಡಿತು.

ಕಾರಣ ತಿಳಿಯುವ ಮೊದಲೇ ರೋಗವನ್ನು ಪತ್ತೆ ಮಾಡುವ ದಾರಿಯೊಂದು ಸಿಕ್ಕಿತು. ಗ್ರೀಸ್‌ನಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಜಾರ್ಜ್ ಪಾಪನಿಕೊಲಾವ್, ಗರ್ಭಕೊರಳಿನಿಂದ ಉದುರುವ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಕ್ಯಾನ್ಸರನ್ನು ಗುರುತಿಸಬಹುದೆಂದು 1928ರಲ್ಲಿ ಹೇಳಿದ. ಹೆಚ್ಚು ಮಂದಿ ಕಿವಿಗೊಡಲಿಲ್ಲ. 1941ರಲ್ಲಿ ಹರ್ಬರ್ಟ್ ಟ್ರಾಟ್ ಜೊತೆ ವಿವರವಾದ ಪ್ರಬಂಧ ಪ್ರಕಟಿಸಿದ ಮೇಲೆ ‘ಪ್ಯಾಪ್’ ಪರೀಕ್ಷೆ ಬಳಕೆಗೆ ಬಂತು. ಅದನ್ನು ಕ್ರಮವಾಗಿ ನಡೆಸಿದ ದೇಶಗಳಲ್ಲಿ ಈ ರೋಗದ ಸಾವುಗಳು ಇಳಿದವು.

1951ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆ ಬಂದಳು. ಅವಳ ಗರ್ಭಕೊರಳಿನಲ್ಲಿ ಗಡ್ಡೆ ಬೆಳೆದಿತ್ತು. ಅವಳನ್ನು ಕೇಳದೆಯೇ ಗಡ್ಡೆಯ ಚೂರೊಂದನ್ನು ಪ್ರಯೋಗಾಲಯಕ್ಕೆ ಒಯ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ, 31ರ ವಯಸ್ಸಿನಲ್ಲಿ ಅವಳು ತೀರಿಕೊಂಡಳು. ಗಡ್ಡೆಯ ಕೋಶಗಳು ಮಾತ್ರ ಗಾಜಿನ ಬಟ್ಟಲಲ್ಲಿ ಎಡೆಬಿಡದೆ ಬೆಳೆಯುತ್ತ ಹೋದವು. ಅವಳ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ‘ಹೀಲಾ’ ಎಂದು ಕರೆಯಲಾದ ಆ ಕೋಶಗಳು ಜಗತ್ತಿನ ಪ್ರಯೋಗಾಲಯಗಳನ್ನೆಲ್ಲ ತಲುಪಿದವು. ಪೋಲಿಯೊ ಲಸಿಕೆಯ ಪರೀಕ್ಷೆಗೂ ಅವು ನೆರವಾದವು. ಮನೆಯವರಿಗೆ ಈ ಸಂಗತಿ ತಿಳಿದದ್ದು ಎರಡು ದಶಕಗಳ ನಂತರ. ಆ ರೋಗಕ್ಕೆ ಕಾರಣವೇನೆಂಬ ಪ್ರಶ್ನೆಯ ಉತ್ತರ ಆ ಕೋಶಗಳೊಳಗೇ ಅಡಗಿತ್ತು. ಅದು ಯಾರಿಗೂ ಕಂಡಿರಲಿಲ್ಲ.

1960ರ ದಶಕದ ಕೊನೆಯ ಹೊತ್ತಿಗೆ ಹೆಚ್ಚಿನ ವಿಜ್ಞಾನಿಗಳ ಅನುಮಾನ ಹರ್ಪಿಸ್ ವೈರಸ್ಸಿನ ಮೇಲಿತ್ತು. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಗಡ್ಡೆಗಳಲ್ಲಿ ಎಷ್ಟು ಹುಡುಕಿದರೂ ಹರ್ಪಿಸ್ ಸಿಗಲಿಲ್ಲ. ಫ್ಲಾರಿಡಾದ ಸಭೆಯೊಂದರಲ್ಲಿ ಅದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. ಆತನ ಕಣ್ಣು ನರಹುಲಿಯ ಮೇಲಿತ್ತು. ಮೊಲದ ನರಹುಲಿಗೆ ವೈರಸ್ ಕಾರಣವೆಂದು 1933ರಲ್ಲೇ ರಿಚರ್ಡ್ ಶೋಪ್ ತೋರಿಸಿದ್ದ. ಮನುಷ್ಯರಲ್ಲಿ ಗುಹ್ಯಭಾಗದ ನರಹುಲಿ ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗಿದ ವರದಿಗಳೂ ಇದ್ದವು. ಹೌಸೆನ್ ತಂಡ 1983ರಲ್ಲಿ ಗರ್ಭಕೊರಳಿನ ಗಡ್ಡೆಗಳಲ್ಲಿ 16ನೇ ಬಗೆಯ ಪ್ಯಾಪಿಲೋಮಾ ವೈರಸ್ಸನ್ನು, ಮರುವರ್ಷ 18ನೇ ಬಗೆಯನ್ನು ಪತ್ತೆ ಮಾಡಿತು. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಶೇ 70ರಷ್ಟಕ್ಕೆ ಈ ಎರಡೇ ಕಾರಣ. ಹೀಲಾ ಕೋಶಗಳನ್ನು ತೆಗೆದು ನೋಡಿದರೆ ಅಲ್ಲಿಯೂ 18ನೇ ಬಗೆಯ ವೈರಸ್ಸಿನ ವಂಶವಾಹಿಗಳು! 2008ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ಅರ್ಧ ಪಾಲು ಹೌಸೆನ್‌ಗೆ ಸಂದಿತು.

ಹಾಗಾದರೆ ಸೋಂಕು ತಗುಲಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆಯೇ? ಇಲ್ಲ. ಗಂಡಾಗಲಿ ಹೆಣ್ಣಾಗಲಿ, ಲೈಂಗಿಕ ಸಂಪರ್ಕವಿರುವ ಬಹುಪಾಲು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ವೈರಸ್ ತಗುಲುತ್ತದೆ. ಹೆಚ್ಚಿನವರ ದೇಹ ಒಂದೆರಡು ವರ್ಷಗಳಲ್ಲಿ ಅದನ್ನು ಹೊರದಬ್ಬುತ್ತದೆ. ಕೆಲವರಲ್ಲಿ ಅದು ವರ್ಷಗಟ್ಟಲೆ ಬೀಡುಬಿಡುತ್ತದೆ. ಉಂಗುರದಂತಿರುವ ಅದರ ಡಿಎನ್ಎ ಅನೇಕ ವೇಳೆ ತುಂಡಾಗಿ ಕೋಶದ ವರ್ಣತಂತುವಿನೊಳಗೆ ಸೇರಿಕೊಳ್ಳುತ್ತದೆ. ಆಗ ‘ಇ6’ ಮತ್ತು ‘ಇ7’ ಎಂಬ ಎರಡು ವಂಶವಾಹಿಗಳಿಗೆ ಹಿಡಿತ ತಪ್ಪುತ್ತದೆ. ಪ್ರತಿ ಕೋಶದಲ್ಲೂ ಮಿತಿಮೀರಿದ ಬೆಳವಣಿಗೆಯನ್ನು ತಡೆಯುವ ಕಾವಲುಗಾರರಿದ್ದಾರೆ. ‘ಪಿ53’ ಎಂಬ ಕಾವಲುಗಾರನನ್ನು ಇ6 ನಾಶಮಾಡುತ್ತದೆ. ‘ಆರ್‌ಬಿ’ ಎಂಬ ಇನ್ನೊಬ್ಬನ ಕೈಯನ್ನು ಇ7 ಕಟ್ಟಿಹಾಕುತ್ತದೆ. 2000ದಲ್ಲಿ ಅಮೆರಿಕದ ವಿಜ್ಞಾನಿಗಳು ಹೀಲಾ ಕೋಶಗಳಲ್ಲಿ ಈ ಎರಡು ವಂಶವಾಹಿಗಳನ್ನು ಅಡಗಿಸಿ ನೋಡಿದರು. ಅರ್ಧ ಶತಮಾನದಿಂದ ನಿಲ್ಲದೆ ಬೆಳೆದಿದ್ದ ಕೋಶಗಳು ಬೆಳವಣಿಗೆ ನಿಲ್ಲಿಸಿದವು. ಕಾವಲುಗಾರರು ಕೆಟ್ಟಿರಲಿಲ್ಲ, ವೈರಸ್ಸು ಅವರ ಬಾಯಿ ಮುಚ್ಚಿಸಿತ್ತು.

ಕಾರಣ ತಿಳಿದ ಮೇಲೆ ಲಸಿಕೆಯ ದಾರಿ ತೆರೆಯಿತು. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಇಯಾನ್ ಫ್ರೇಜರ್ ಮತ್ತು ಚೀನಾ ಮೂಲದ ಜಿಯಾನ್ ಝೌ 1991ರಲ್ಲಿ ವೈರಸ್ಸಿನ ಹೊರಕವಚವನ್ನಷ್ಟೇ ಕಟ್ಟುವ ವಿಧಾನ ಕಂಡುಕೊಂಡರು. ಒಳಗೆ ಡಿಎನ್ಎ ಇಲ್ಲದ ಕಾರಣ ಅದು ಸೋಂಕು ತರಲಾರದು. ಆದರೆ ದೇಹ ಅದನ್ನು ಶತ್ರುವೆಂದೇ ತಿಳಿದು ಸಿದ್ಧವಾಗುತ್ತದೆ. 2006ರಲ್ಲಿ ಲಸಿಕೆ ಬಳಕೆಗೆ ಬಂತು. ಝೌ 1999ರಲ್ಲೇ ತೀರಿಕೊಂಡಿದ್ದ. ಭಾರತದ್ದೇ ಆದ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು.

ಭಾರತಕ್ಕೆ ಇದರ ಅಗತ್ಯ ದೊಡ್ಡದು. 2020ರ ಅಂದಾಜಿನಂತೆ ಆ ಒಂದೇ ವರ್ಷ ದೇಶದಲ್ಲಿ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಈ ರೋಗ ಬಂತು. ಸತ್ತವರು ಸುಮಾರು 77 ಸಾವಿರ. ಪರೀಕ್ಷೆಯಿಂದ ಏನಾಗಬಲ್ಲದೆಂಬುದಕ್ಕೆ ನೆರೆಯ ಮಹಾರಾಷ್ಟ್ರದಲ್ಲಿ ಆಗ ಉಸ್ಮಾನಾಬಾದ್ ಎಂದು ಕರೆಯುತ್ತಿದ್ದ ಜಿಲ್ಲೆಯೇ ಸಾಕ್ಷಿ. ಅಲ್ಲಿನ ಹಳ್ಳಿಗಳ 30ರಿಂದ 59 ವಯಸ್ಸಿನ ಸುಮಾರು 1.3 ಲಕ್ಷ ಹೆಂಗಸರನ್ನು ಒಳಗೊಂಡ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಮ್ಮೆ ವೈರಸ್ ಪರೀಕ್ಷೆಗೆ ಕರೆಸಿಕೊಂಡ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವುಗಳು ಎಂಟು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು.

ಸೋಂಕು ತಗುಲಿ ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಒಂದು ಪರೀಕ್ಷೆಯಾದರೂ ನಡೆದರೆ ರೋಗವನ್ನು ಮೊಳಕೆಯಲ್ಲೇ ತೆಗೆಯಬಹುದು. ಇದಕ್ಕೆ ಅಡ್ಡ ಬರುವುದು ಹಣದ ಕೊರತೆ ಮಾತ್ರವಲ್ಲ. ಮುಟ್ಟು ನಿಂತ ಮೇಲೂ ರಕ್ತಸ್ರಾವವಾದರೆ ಯಾರಿಗೂ ಹೇಳದೆ ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವ ಹೆಂಗಸರು ಇನ್ನೂ ಇದ್ದಾರೆ. ಗಂಡನೊಬ್ಬನನ್ನೇ ಬಲ್ಲ ಹೆಣ್ಣಿಗೂ ಈ ಸೋಂಕು ಬರುತ್ತದೆ. ಇದು ನಡತೆಯ ಮಾತಲ್ಲ, ಎಲ್ಲೆಡೆ ಇರುವ ಒಂದು ವೈರಸ್ಸಿನ ಮಾತು. ವೆರೋನಾದ ವೈದ್ಯನಿಗೆ ಲೆಕ್ಕ ಹಾಕಲು ಸತ್ತವರ ಹೆಸರುಗಳಷ್ಟೇ ಸಿಕ್ಕಿದ್ದವು. ಈಗ ಲಸಿಕೆ ಪಡೆದ ಹುಡುಗಿಯರನ್ನೂ ಪರೀಕ್ಷೆ ಮಾಡಿಸಿಕೊಂಡ ತಾಯಂದಿರನ್ನೂ ಲೆಕ್ಕ ಹಾಕಬಹುದು.